ಎರಡನೇ ಡಿಸ್ಕ್ ಕೆಟ್ಟಿಲ್ಲ

ಪ್ರಶ್ನೆ: ಅಮೆರಿಕದಿಂದ ಹಿಂದಿರುಗಿದ ಸೋದರಮಾವ ತಮ್ಮ ಹಳೆಯ ಪ್ಲೇಸ್ಟೇಷನ್ ಜೊತೆಗೆ ‘ಝೆನೋಗಿಯರ್ಸ್’ ಆಟದ ಎರಡು ಡಿಸ್ಕ್‌ಗಳನ್ನೂ ನನಗೆ ಕೊಟ್ಟಿದ್ದಾರೆ. ಮೊದಲನೆಯದನ್ನು ಎರಡು ತಿಂಗಳಲ್ಲಿ ಮುಗಿಸಿದೆ. ಎರಡನೆಯದನ್ನು ಹಾಕಿದರೆ ಆಡಲು ಹೆಚ್ಚೇನೂ ಸಿಗುತ್ತಿಲ್ಲ, ಪಾತ್ರಗಳು ಕುರ್ಚಿಯಲ್ಲಿ ಕುಳಿತು ಕಥೆ ಹೇಳುತ್ತಲೇ ಇರುತ್ತವೆ. ಡಿಸ್ಕ್ ಕೆಟ್ಟಿದೆಯೇ? ಮುಂದುವರಿಸಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಡಿಸ್ಕ್ ಕೆಟ್ಟಿಲ್ಲ. 1998ರಲ್ಲಿ ಈ ಆಟ ಜಪಾನಿನಲ್ಲಿ ಬಿಡುಗಡೆಯಾದಾಗಲೂ ಎರಡನೇ ಡಿಸ್ಕ್ ಹೀಗೆಯೇ ಇತ್ತು. ಕಥೆಯ ಮುಖ್ಯ ಪಾತ್ರಗಳಾದ ಫೇ ಅಥವಾ ಎಲಿ ಕುರ್ಚಿಯಲ್ಲಿ ಕುಳಿತು, ಹಿನ್ನೆಲೆಯಲ್ಲಿ ಪದಕವೊಂದು ಗಡಿಯಾರದ ಲೋಲಕದಂತೆ ತೂಗುತ್ತಿರುವಾಗ, ನಾವೇ ನಡೆದು ನೋಡಬೇಕಾಗಿದ್ದ ಸ್ಥಳಗಳನ್ನೂ ಹೊಕ್ಕು ಗೆಲ್ಲಬೇಕಾಗಿದ್ದ ನೆಲೆಗಳನ್ನೂ ಮಾತಿನಲ್ಲೇ ದಾಟಿಸಿಬಿಡುತ್ತಾರೆ. ನಡುವೆ ಒಂದು ಕಾಳಗ, ಸೇವ್ ಮಾಡಲು ಒಂದು ಅವಕಾಶ, ಮತ್ತೆ ಅದೇ ಕುರ್ಚಿ.

ಆಟವನ್ನು ತಯಾರಿಸಿದ ಸ್ಕ್ವೇರ್ ಕಂಪನಿ ಬೇರೊಂದು ಆಟಕ್ಕಾಗಿ ಇದರ ಹಣವನ್ನು ಕಡಿತ ಮಾಡಿತೆಂಬ ಮಾತು ಅಭಿಮಾನಿಗಳಲ್ಲಿ ವರ್ಷಗಟ್ಟಲೆ ಓಡಾಡಿತು. ನಿರ್ದೇಶಕ ತೆತ್ಸುಯಾ ತಕಾಹಶಿ ಬಹುಕಾಲದ ನಂತರ ಕೊಟ್ಟ ವಿವರಣೆ ಬೇರೆ. ತಂಡದಲ್ಲಿ ಹೊಸಬರೇ ಹೆಚ್ಚಾಗಿದ್ದರು, ಸುಮಾರು ಎರಡು ವರ್ಷದ ಗಡುವಿನೊಳಗೆ ಅಂದುಕೊಂಡ ಆಟವನ್ನು ಪೂರ್ತಿಯಾಗಿ ಕಟ್ಟುವುದು ಅವರಿಂದ ಆಗುವಂತಿರಲಿಲ್ಲ. ಮೊದಲ ಡಿಸ್ಕಿಗೇ ಆಟವನ್ನು ನಿಲ್ಲಿಸಿಬಿಡುವ ಸಲಹೆ ಬಂದಾಗ, ಕಥೆ ಅರ್ಧಕ್ಕೆ ಕಡಿದುಹೋಗುವುದಕ್ಕಿಂತ ಉಳಿದದ್ದನ್ನು ಹೇಳಿಯಾದರೂ ಮುಗಿಸುವ ಈ ದಾರಿಯನ್ನು ಸೂಚಿಸಿದವರು ತಕಾಹಶಿಯವರೇ. ಆಟಗಾರನಾಗಿ ನನಗೆ ಈ ಡಿಸ್ಕಿನ ಮೇಲೆ ಇಂದಿಗೂ ಬೇಸರವಿದೆ, ಆದರೆ ಆ ನಿರ್ಧಾರ ಸರಿಯಾಗಿತ್ತೆಂದೇ ನಂಬುತ್ತೇನೆ.

ಏಕೆಂದರೆ ಈ ಆಟದ ಜೀವವೇ ಅದರ ಕಥೆ. ಲಹಾನ್ ಹಳ್ಳಿಯನ್ನು ನೆನಪಿಸಿಕೊಳ್ಳಿ. ಮರುದಿನ ಗೆಳೆಯನ ಮದುವೆ, ಫೋಟೋ ತೆಗೆಯಲು ಕ್ಯಾಮೆರಾ ಬೇಕೆಂದು ಫೇ ಬೆಟ್ಟ ಹತ್ತಿ ವೈದ್ಯ ಸಿಟಾನ್ ಮನೆಗೆ ಹೋಗುತ್ತಾನೆ. ಅವನು ಹಿಂದಿರುಗುವಷ್ಟರಲ್ಲಿ ದೈತ್ಯ ಯಂತ್ರಗಳು ಹಳ್ಳಿಗೆ ಬಂದಿಳಿದಿವೆ. ಊರನ್ನು ಉಳಿಸಲೆಂದು ತಾನೂ ಒಂದು ಯಂತ್ರವನ್ನೇರಿದ ಫೇ, ಗೆಳೆಯ ಕಣ್ಣೆದುರೇ ಸತ್ತಾಗ ತನ್ನ ಮೇಲಿನ ಹಿಡಿತ ತಪ್ಪಿ ಇಡೀ ಊರನ್ನೇ ಸುಟ್ಟುಬಿಡುತ್ತಾನೆ. ಅಲ್ಲಿಯವರೆಗೆ ಮಕ್ಕಳೊಂದಿಗೆ ಮಾತಾಡುತ್ತ, ಮನೆಮನೆಗೆ ಹೊಕ್ಕು ಬರುತ್ತಿದ್ದವರು ನಾವೇ ಆದ್ದರಿಂದ, ಬದುಕುಳಿದ ಹುಡುಗ ಅವನನ್ನು ಕೊಲೆಗಾರನೆಂದು ಕೂಗುವಾಗ ಆ ಮಾತು ನಮಗೂ ತಾಗುತ್ತದೆ. ಆ ರಾತ್ರಿ ಫೇಯೊಳಗೆ ಎದ್ದು ನಿಂತದ್ದು ಏನು ಎಂಬುದಕ್ಕೆ ಪೂರ್ಣ ಉತ್ತರ ನೀವು ಬಿಟ್ಟುಬಿಡಲು ಯೋಚಿಸುತ್ತಿರುವ ಎರಡನೇ ಡಿಸ್ಕಿನಲ್ಲೇ ಇದೆ.

ಕಾಳಗದ ಕ್ರಮವನ್ನೂ ನಾನು ಮೆಚ್ಚುತ್ತೇನೆ. ತ್ರಿಕೋನ, ಚೌಕ, ಎಕ್ಸ್ ಗುಂಡಿಗಳಿಗೆ ಒಂದು, ಎರಡು, ಮೂರು ಅಂಕಗಳ ಬೆಲೆಯಿದ್ದು, ಅವುಗಳನ್ನು ಬೇರೆ ಬೇರೆ ಜೋಡಣೆಯಲ್ಲಿ ಒತ್ತುತ್ತ ಹೋದಂತೆ ಹೊಸ ಪಟ್ಟುಗಳು ಕೈಗೆ ಬರುತ್ತವೆ; ಅಭ್ಯಾಸದಿಂದ ವಿದ್ಯೆ ಒಲಿಯುವುದೆಂದರೆ ಇದೇ. ಯಂತ್ರಗಳೊಳಗಿನ ಕಾಳಗದಲ್ಲಿ ಪ್ರತಿ ಏಟಿಗೂ ಇಂಧನ ಖರ್ಚಾಗುತ್ತದೆ. ಯಂತ್ರಕ್ಕಾದ ಪೆಟ್ಟನ್ನು ಸರಿಪಡಿಸಲು ಪ್ರತ್ಯೇಕ ಸಾಧನವನ್ನು ಮೊದಲೇ ಕೊಂಡು ಜೋಡಿಸಿರಬೇಕು, ಅದೂ ಇಂಧನವನ್ನೇ ಕುಡಿಯುತ್ತದೆ. ಆದ್ದರಿಂದ ಎರಡನೇ ಡಿಸ್ಕಿನಲ್ಲಿ ಅಂಗಡಿ ಸಿಕ್ಕಾಗಲೆಲ್ಲ ಎಂಜಿನನ್ನೂ ಕವಚವನ್ನೂ ತಪ್ಪದೆ ಬದಲಿಸಿಕೊಳ್ಳಿ.

ಸಂಭಾಷಣೆಯ ಅಕ್ಷರಗಳು ತೆವಳುತ್ತ ಮೂಡುವುದನ್ನು ಮಾತ್ರ ನಾನು ಸಮರ್ಥಿಸಲಾರೆ. ಇಷ್ಟೊಂದು ಮಾತಿರುವ ಆಟದಲ್ಲಿ ಅದರ ವೇಗ ಹೆಚ್ಚಿಸುವ ಸೌಲಭ್ಯ ಇರಲೇಬೇಕಿತ್ತು. ಆ ಹೊತ್ತನ್ನು ಸಹ್ಯವಾಗಿಸುವುದು ಯಾಸುನೋರಿ ಮಿತ್ಸುದಾ ಅವರ ಸಂಗೀತ.

ಖಂಡಿತ ಮುಂದುವರಿಸಿ. ಕೊನೆಯ ಯುದ್ಧಕ್ಕೆ ಮುನ್ನ ಭೂಪಟ ಮತ್ತೆ ತೆರೆದುಕೊಳ್ಳುತ್ತದೆ, ನಿಮ್ಮಿಷ್ಟದಂತೆ ಸುತ್ತಾಡಲು ಆಗ ಅವಕಾಶವಿದೆ.

ಪ್ರಶ್ನೆ: ಅದೇ ಆಟದ ಬಾಬೆಲ್ ಗೋಪುರದಲ್ಲಿ ಜಿಗಿಯುವಾಗ ಪದೇ ಪದೇ ಕೆಳಗೆ ಬೀಳುತ್ತಿದ್ದೇನೆ. ನನ್ನ ಕೈ ನಿಧಾನವೇ?
– ಇನ್ನೊಬ್ಬ ಓದುಗರು, ಮೈಸೂರು

ಉತ್ತರ: ನಿಮ್ಮ ಕೈಯ ತಪ್ಪಲ್ಲ. ನೀವು ಅಂಚಿಗೆ ಓಡಿ ಗುಂಡಿ ಒತ್ತುವ ಕ್ಷಣದಲ್ಲೇ ಆಟ, ನಡೆಯುವಾಗ ಹಠಾತ್ತನೆ ಎದುರಾಗುವ ಮುಂದಿನ ಕಾಳಗವನ್ನು ಸಿದ್ಧಪಡಿಸುತ್ತಿದ್ದರೆ ಜಿಗಿತ ದಾಖಲಾಗುವುದಿಲ್ಲ, ಕಾಲು ಮಾತ್ರ ಮುಂದಕ್ಕೆ ಹೋಗಿಬಿಡುತ್ತದೆ. ನಾನು ಅಲ್ಲಿ ಒಂದು ಸಂಜೆಯನ್ನೇ ಕಳೆದೆ. ಕೊನೆಗೆ ಅಂಚಿನ ಬಳಿ ಅತ್ತಿತ್ತ ನಡೆದಾಡಿ ಕಾಳಗವನ್ನು ಮೊದಲೇ ಬರಿಸಿಕೊಂಡು, ಅದು ಮುಗಿದ ಕೂಡಲೇ ಜಿಗಿಯುವುದನ್ನು ರೂಢಿಸಿಕೊಂಡ ಮೇಲೆ ಬೀಳುವುದು ಕಡಿಮೆಯಾಯಿತು. ಜಿಗಿಯುವ ಮುನ್ನ ಎಲ್1, ಆರ್1 ಗುಂಡಿಗಳಿಂದ ಕ್ಯಾಮೆರಾವನ್ನು ತಿರುಗಿಸಿ, ಎದುರಿನ ಮೆಟ್ಟಿಲು ನೇರವಾಗಿ ಕಾಣುವಂತೆ ಮಾಡಿಕೊಳ್ಳಿ.