ಮಂಡಿ ಯಜಮಾನರು ಬಿ.ಕಾಂ. ಸೇರಿದರೆ

ಪ್ರಶ್ನೆ: ಟೊಮೆಟೊ ಮಂಡಿ ಮಾಲೀಕರೊಬ್ಬರು 55ನೇ ವಯಸ್ಸಿನಲ್ಲಿ ಬಿ.ಕಾಂ. ಸೇರುವ ಕಥೆಯ ಮೇಲೆ 20 ನಿಮಿಷದ ಹಾಸ್ಯ ಕಿರುಚಿತ್ರ ಬರೆದಿದ್ದೇವೆ. ಬೆಂಚಿನಲ್ಲಿ ಹೊಟ್ಟೆ ಸಿಕ್ಕಿಕೊಳ್ಳುವುದು, ಅಟೆಂಡರ್ ಇವರನ್ನು ಯಾರದೋ ಅಪ್ಪ ಅಂದುಕೊಳ್ಳುವುದು, ಮೊಬೈಲ್ ಹಿಡಿದು ತಡಕಾಡುವುದು ಎಲ್ಲ ಇದೆ. ಓದಿ ಹೇಳಿದಾಗ ಮೊದಲಿಗೆ ನಕ್ಕವರು ಆಮೇಲೆ ಸುಮ್ಮನಾದರು. ಎಲ್ಲಿ ಎಡವಿದ್ದೇವೆ?
– ಗೆಳೆಯರ ತಂಡ, ಕೋಲಾರ

ಉತ್ತರ: ಮೂರೂ ವಯಸ್ಸಿನ ಮೇಲಿನ ತಮಾಷೆಗಳೇ. ಮೊದಲ ಸಲ ನಗು ಬರುತ್ತದೆ, ಎರಡನೇ ಸಲ ‘ಅಯ್ಯೋ ಪಾಪ’ ಅನ್ನಿಸುತ್ತದೆ. ಪಾಪ ಅನ್ನಿಸಿದ ಮೇಲೆ ಯಾರೂ ನಗುವುದಿಲ್ಲ. ಯಜಮಾನರಿಗೆ ಏನು ಬಾರದು ಎಂದು ತೋರಿಸುವುದನ್ನು ಬಿಟ್ಟು, ಏನು ಚೆನ್ನಾಗಿ ಬರುತ್ತದೆ ಎಂದು ಹುಡುಕಿ.

1986ರ ಅಮೆರಿಕನ್ ಚಿತ್ರ ‘ಬ್ಯಾಕ್ ಟು ಸ್ಕೂಲ್’ ಗೆದ್ದಿದ್ದು ಅಲ್ಲೇ. ರಾಡ್ನಿ ಡೇಂಜರ್‌ಫೀಲ್ಡ್ ಮಾಡಿದ ಪಾತ್ರ ಬಟ್ಟೆ ಅಂಗಡಿಗಳ ಶ್ರೀಮಂತ ಮಾಲೀಕ. ಮಗ ಓದುವ ಕಾಲೇಜಿಗೇ ಸೇರುತ್ತಾನೆ. ಮೇಷ್ಟ್ರು ಕಾಲ್ಪನಿಕ ಕಾರ್ಖಾನೆಯೊಂದಕ್ಕೆ ಖರ್ಚಿನ ಪಟ್ಟಿ ಹಾಕುತ್ತಿದ್ದರೆ, ಲಂಚ, ಯೂನಿಯನ್, ಕಸ ಸಾಗಿಸುವವರ ಮಾಮೂಲು ಎಲ್ಲಿ ಹೋಯಿತು ಎಂದು ಇವನು ಕೇಳುತ್ತಾನೆ. ಹುಡುಗರು ಇವನ ಮಾತನ್ನೇ ನೋಟ್ಸ್ ಮಾಡಿಕೊಳ್ಳತೊಡಗುತ್ತಾರೆ.

ನಿಮ್ಮಲ್ಲಿ ಅದಕ್ಕೆ ಇನ್ನೂ ಒಳ್ಳೆಯ ಸರಕಿದೆ. ಬೇಡಿಕೆ–ಪೂರೈಕೆಯ ಪಾಠ. ಬೋರ್ಡಿನ ಮೇಲೆ ಎರಡು ಗೆರೆ, ಅವು ಕೂಡುವ ಜಾಗದಲ್ಲಿ ಬೆಲೆ. ಯಜಮಾನರು ಏಳಲಿ: ‘15 ಕೆ.ಜಿ. ಬಾಕ್ಸಿಗಾ ಸಾರ್? ಬೆಳಗ್ಗೆ ಹರಾಜಿನ ರೇಟಾ, ಲಾರಿ ಹೊರಟ ಮೇಲಿನ ರೇಟಾ? ಹಮಾಲಿ, ಕಮಿಷನ್ನು ಕಳೆದಾ, ಕಳೀದೇನಾ?’ ಆದರೆ ಮೇಷ್ಟ್ರನ್ನು ದಡ್ಡ ಮಾಡಬೇಡಿ, ಈ ತಪ್ಪನ್ನು ಎಲ್ಲರೂ ಮಾಡುತ್ತಾರೆ. ಟೆಸ್ಟಿನಲ್ಲಿ ಯಜಮಾನರು ಮಂಡಿ ಬಗ್ಗೆ ನಾಲ್ಕು ಪುಟ ಬರೆದು 20ಕ್ಕೆ 3 ಪಡೆಯಲಿ. ಗ್ರಾಫ್ ಎಳೆದಿಲ್ಲ, ಮೇಷ್ಟ್ರು ಹೇಳುವುದೂ ಸರಿಯೇ. ಆ ಚಿತ್ರದಲ್ಲೂ ನಾಯಕನು ಅಮೆರಿಕದ ಹೆಸರಾಂತ ಕಾದಂಬರಿಕಾರ ಕರ್ಟ್ ವಾನೆಗಟ್‌ಗೇ ದುಡ್ಡು ಕೊಟ್ಟು, ವಾನೆಗಟ್ ಕೃತಿಗಳ ಬಗ್ಗೆಯೇ ಪ್ರಬಂಧ ಬರೆಸುತ್ತಾನೆ. ಇದನ್ನು ಬರೆದವನಿಗೆ ವಾನೆಗಟ್ ಬಗ್ಗೆ ಏನೇನೂ ಗೊತ್ತಿಲ್ಲ ಎಂದು ಅಧ್ಯಾಪಕಿ ಫೇಲ್ ಮಾಡುತ್ತಾಳೆ! ವಾನೆಗಟ್ ಸ್ವತಃ ಆ ಚಿತ್ರದಲ್ಲಿ ನಟಿಸಿದ್ದಾರೆ.

ಚಿತ್ರಕಥೆಯ ಒಂದು ಪುಟಕ್ಕೆ ಸುಮಾರು ಒಂದು ನಿಮಿಷ. ಕಾಲೇಜು ಸೇರುವುದು ಮೂರು ಪುಟದೊಳಗೆ ಮುಗಿಯಲಿ, ಪಾಠದ ದೃಶ್ಯಕ್ಕೆ ಐದು ಕೊಡಿ. ವಯಸ್ಸಿನ ತಮಾಷೆ ಒಂದೇ ಉಳಿಸಿಕೊಳ್ಳಿ, ಅಟೆಂಡರ್‌ದು ವಾಸಿ. ಕೋಲಾರದ ಕಡೆ ಮಾತಿನ ನಡುವೆ ತೆಲುಗು ಬರುವುದು ಸಹಜ, ಆದರೆ ಪ್ರತಿ ವಾಕ್ಯದಲ್ಲೂ ಬಂದರೆ ಅಣಕವಾಗುತ್ತದೆ. ದುಡ್ಡು ಎಣಿಸುವಾಗ, ಸಿಟ್ಟು ಬಂದಾಗ ಇರಲಿ ಸಾಕು.

ಪ್ರಶ್ನೆ: ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟವರು ಈ ವಯಸ್ಸಲ್ಲಿ ಬಿ.ಕಾಂ. ಸೇರಬಹುದೇ? ಅದೆಲ್ಲ ಸಿನಿಮಾದಲ್ಲಿ ಮಾತ್ರವೇ?
– ಓದುಗರು, ಚಿಂತಾಮಣಿ

ಉತ್ತರ: ಅಡ್ಡ ಬರುವುದು ವಯಸ್ಸಿಗಿಂತ ಪಿಯುಸಿ. ‘ಬ್ಯಾಕ್ ಟು ಸ್ಕೂಲ್’ ನಾಯಕ ಕಾಲೇಜಿನ ಕಟ್ಟಡಕ್ಕೆ ದುಡ್ಡು ಕೊಟ್ಟು ಸೀಟು ಗಿಟ್ಟಿಸುತ್ತಾನೆ. ಇಲ್ಲಿ ಆ ಆಟ ನಡೆಯದು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಖಾಸಗಿ ಅಭ್ಯರ್ಥಿಯಾಗಿ ಕಲಾ ಅಥವಾ ವಾಣಿಜ್ಯ ವಿಭಾಗದ ದ್ವಿತೀಯ ಪಿಯುಸಿ ಕಟ್ಟಬಹುದು. ಅದರ ಬದಲು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಸೀನಿಯರ್ ಸೆಕೆಂಡರಿ (ಪಿಯುಸಿಗೆ ಸಮ) ಮಾಡಬಹುದು: ಐದು ವಿಷಯ, ನೋಂದಣಿ ಐದು ವರ್ಷ ಜೀವಂತ, ವರ್ಷಕ್ಕೆ ಎರಡು ಬಾರಿ ಪರೀಕ್ಷೆ. ಒಂದೊಂದೇ ವಿಷಯ ಪಾಸು ಮಾಡುತ್ತ ಹೋಗಬಹುದಾದ್ದರಿಂದ ದುಡಿಯುವವರಿಗೆ ಇದೇ ಹಗುರ.

ಆಮೇಲೆ ಹಾಜರಾತಿಯ ಪೇಚು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳು ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವ್ಯಾಪ್ತಿಯವು. ರೆಗ್ಯುಲರ್ ಸೇರಿದರೆ ಶೇ 75 ಹಾಜರಾತಿ ಬೇಕು. ಬೆಳಗಿನ ವ್ಯಾಪಾರ ಬಿಡಲಾಗದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಸರಿ. ಬೇರೆ ಯಾರಾದರೂ ‘ದೂರಶಿಕ್ಷಣ’ ಎಂದು ಕರೆದರೆ, ಆ ವರ್ಷದ ಯುಜಿಸಿ ಪಟ್ಟಿಯಲ್ಲಿ ಆ ಕೋರ್ಸಿನ ಹೆಸರಿದೆಯೇ ನೋಡದೆ ಶುಲ್ಕ ಕಟ್ಟಬೇಡಿ.

ಹಳಬರ ಅರ್ಜಿ ಹೆಚ್ಚಾಗಿ ನಿಲ್ಲುವುದು ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು. ಈಗ ಕೇಳುವ ಎಬಿಸಿ ಐಡಿ (ವಿದ್ಯಾರ್ಥಿಯ ಕ್ರೆಡಿಟ್‌ಗಳನ್ನು ಕೂಡಿಡುವ ಡಿಜಿಟಲ್ ಖಾತೆಯ ಸಂಖ್ಯೆ) ಆಧಾರ್ ಹೆಸರಿನಲ್ಲೇ ಹುಟ್ಟುತ್ತದೆ. ಹಳೆಯ ಅಂಕಪಟ್ಟಿ ತಿದ್ದಿಸಲು ಓಡಾಡುವುದಕ್ಕಿಂತ, ಅದರಲ್ಲಿರುವಂತೆ ಆಧಾರ್ ತಿದ್ದಿಸಿ, ಆಮೇಲೆ ಐಡಿ ಮಾಡಿಸಿ.

ಪ್ರಶ್ನೆ: ತರಗತಿಯಲ್ಲಿ ಶೂಟ್ ಮಾಡಿದರೆ ಚಿತ್ರ ಮಿನುಗುತ್ತದೆ, ಮಾತು ಮಾರ್ದನಿಸುತ್ತದೆ. ಪರಿಹಾರ?
– ಓದುಗರು, ತುಮಕೂರು

ಉತ್ತರ: ನಮ್ಮ ಕರೆಂಟು 50 ಹರ್ಟ್ಸ್. ಹಳೇ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಮೊಬೈಲನ್ನು ಆಟೋದಲ್ಲಿ ಬಿಡದೆ, ಸೆಕೆಂಡಿಗೆ 25 ಫ್ರೇಮ್ ಇಟ್ಟು, ಶಟರ್ ವೇಗ 1/50 ಸೆಕೆಂಡ್ ಇಡಿ. ಮಾರ್ದನಿಗೆ ಕಾರಣ ಬರಿಗೋಡೆ: ಕ್ಯಾಮೆರಾ ಹಿಂದೆ ಜಮಖಾನ ನೇತುಹಾಕಿ, ಕ್ಲಿಪ್ ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಫ್ಯಾನ್ ಆರಿಸಲೇಬೇಕು. ಅದರ ಸದ್ದು ದೃಶ್ಯಕ್ಕೆ ಬೇಕೆನಿಸಿದರೆ ಬೇರೆಯಾಗಿ ಒಂದು ನಿಮಿಷ ರೆಕಾರ್ಡ್ ಮಾಡಿಕೊಂಡು ಎಡಿಟಿಂಗಿನಲ್ಲಿ ಸಣ್ಣಗೆ ಸೇರಿಸಿ.