ಅಮೆರಿಕದ ಸಣ್ಣ ಊರಿನ ಪ್ರೆಸ್ಬಿಟೇರಿಯನ್ ಸಭೆಯೊಂದರ ಇತಿಹಾಸ ಹುಡುಕುವುದು ಹೇಗೆ?

ಪ್ರೆಸ್ಬಿಟೇರಿಯನ್ ಎಂದರೆ ಹಿರಿಯರ ಆಡಳಿತವಿರುವ ಪ್ರಾಟೆಸ್ಟೆಂಟ್ ಪಂಗಡ, ಸಭೆ ಎಂದರೆ ಊರಿನ ಚರ್ಚ್. ಸಭೆಯ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಯೊಂದೇ ಕೈಯಲ್ಲಿದೆ, ಸಭೆ ನಿಜಕ್ಕೂ ಯಾವ ಸೇವೆ ಮಾಡಿತೆಂದು ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ. ಸಂಚಿಕೆಯಿಂದ ಸ್ಥಾಪನೆಯ ವರ್ಷ, ಪ್ರೆಸ್ಬಿಟರಿಯ (ಸುತ್ತಲಿನ ಸಭೆಗಳ ಮೇಲಿನ ಪ್ರಾದೇಶಿಕ ಮಂಡಳಿ) ಹೆಸರು ಇಷ್ಟನ್ನು ಬರೆದುಕೊಂಡು ಅದನ್ನು ಬದಿಗಿಡಿ. ಗಂಟೆ, ಆರ್ಗನ್ ಕೊಟ್ಟವರ ಹೆಸರು ಅದರಲ್ಲಿ ಸಿಗುತ್ತದೆ, ಜಗಳ ಸಿಗುವುದಿಲ್ಲ.

ನಮ್ಮ ಸಿಎಸ್‌ಐನಲ್ಲಿ (ಚರ್ಚ್ ಆಫ್ ಸೌತ್ ಇಂಡಿಯಾ) ಇರುವಂತೆ ಬಿಷಪ್ ಇಲ್ಲಿಲ್ಲ. ಸಭೆ ಆರಿಸಿದ ಹಿರಿಯರೂ ಸಭಾಪಾಲಕರೂ ಕೂಡಿದ 'ಸೆಷನ್' ಆಡಳಿತ ನಡೆಸುತ್ತದೆ. ಯಾರನ್ನು ಸೇರಿಸಿಕೊಂಡರು, ಕುಡಿತಕ್ಕೋ ನೃತ್ಯಕ್ಕೋ ಯಾರನ್ನು ಕರೆಸಿ ವಿಚಾರಿಸಿದರು, ಯಾರು ಸದಸ್ಯತ್ವ ವರ್ಗಾವಣೆಯ ಪತ್ರ ಪಡೆದು ಬೇರೆ ಊರಿಗೆ ಹೋದರು ಎಂಬುದೆಲ್ಲ ಅದರ ನಡಾವಳಿ ಪುಸ್ತಕದಲ್ಲಿರುತ್ತದೆ. ಪುಸ್ತಕ ಸುಟ್ಟಿದ್ದರೆ ಪ್ರೆಸ್ಬಿಟರಿಯ ನಡಾವಳಿಗೆ ಹೋಗಿ. ಸಭಾಪಾಲಕರ ನೇಮಕ, ಬಿಡುಗಡೆ ಅಲ್ಲಿ ದಾಖಲಾಗುತ್ತವೆ. ಸದಸ್ಯರ ಪಟ್ಟಿಯಲ್ಲಿ ಸಭಾಪಾಲಕರ ಹೆಸರು ಕಾಣದಿದ್ದರೆ ಗಾಬರಿ ಬೇಡ: ಅವರು ಪ್ರೆಸ್ಬಿಟರಿಯ ಸದಸ್ಯರು, ಸಭೆಯ ಸದಸ್ಯರಲ್ಲ.

ಸೇವೆಯ ನಿಜವಾದ ಲೆಕ್ಕ ಸಿಗುವುದು ಇಡೀ ಪಂಗಡದ ಅತ್ಯುನ್ನತ ಮಂಡಳಿಯಾದ ಜನರಲ್ ಅಸೆಂಬ್ಲಿಯ ವಾರ್ಷಿಕ ನಡಾವಳಿಯ ಕೋಷ್ಟಕಗಳಲ್ಲಿ. ಸದಸ್ಯರೆಷ್ಟು, ದೀಕ್ಷಾಸ್ನಾನವೆಷ್ಟು, ದೇಶದೊಳಗಿನ ಮಿಷನ್ನಿಗೆ, ಹೊರದೇಶದ ಮಿಷನ್ನಿಗೆ ಎಷ್ಟು ಡಾಲರ್ ಎಂದು ಒಂದೊಂದು ಸಭೆಗೂ ಒಂದೊಂದು ಸಾಲು. ಬಾಯಲ್ಲಿ ಹೇಳಿದ ಧ್ಯೇಯವನ್ನು ಈ ಅಂಕಿಗಳ ಪಕ್ಕ ಇಟ್ಟು ನೋಡಿ. ಹಳೆಯ ಕೋಷ್ಟಕಗಳಲ್ಲಿ ಸಭಾಪಾಲಕರ ಹೆಸರಿನ ಮುಂದೆ 'ಪಿ' (ಪಾಸ್ಟರ್) ಇದ್ದರೆ ಪ್ರತಿಷ್ಠಾಪಿತ ಸಭಾಪಾಲಕ, 'ಎಸ್‌ಎಸ್' (ಸ್ಟೇಟೆಡ್ ಸಪ್ಲೈ) ಇದ್ದರೆ ತಾತ್ಕಾಲಿಕ ವ್ಯವಸ್ಥೆಯವರು. ವರ್ಷಗಟ್ಟಲೆ 'ಎಸ್‌ಎಸ್' ಕಂಡರೆ ಪೂರ್ಣ ಸಂಬಳಕ್ಕೆ ಹಣ ಸಾಲದ ಸಭೆ ಇರಬಹುದೆಂದು ಊಹಿಸಿ, ಸೆಷನ್ ಪುಸ್ತಕದಲ್ಲಿ ತಾಳೆ ನೋಡಿ.

ಹೆಚ್ಚಿನವರು ಎಡವುವುದು ಒಡಕುಗಳಲ್ಲಿ. 1837ರಲ್ಲಿ ಓಲ್ಡ್ ಸ್ಕೂಲ್, ನ್ಯೂ ಸ್ಕೂಲ್ ಎಂದು ಪಂಗಡ ಇಬ್ಭಾಗವಾಯಿತು. ಮುಂದೆ ಮೂರು ದಶಕ ಎರಡಕ್ಕೂ ಬೇರೆಬೇರೆ ನಡಾವಳಿ. 1861ರಲ್ಲಿ ಬೇರೆಯಾದ ದಕ್ಷಿಣದ ರಾಜ್ಯಗಳವರು ಮತ್ತೆ ಕೂಡಿದ್ದು 1983ರಲ್ಲಿ. ಅದಕ್ಕೂ ಹೊರಗಿನ ಪಂಗಡಗಳುಂಟು. ಉದಾಹರಣೆಗೆ, ಒಹಾಯೊ ನದಿದಂಡೆಯ ರಿಪ್ಲಿ ಊರಿಗೆ 1822ರಲ್ಲಿ ಬಂದ ಜಾನ್ ರ‍್ಯಾಂಕಿನ್ ಅಲ್ಲಿನ ಸಭಾಪಾಲಕರು. ನದಿಯಾಚೆಯ ಕೆಂಟಕಿಯಿಂದ ತಪ್ಪಿಸಿಕೊಂಡು ಬಂದ ಗುಲಾಮರಿಗೆ ಗುಡ್ಡದ ಮೇಲಿನ ಅವರ ಮನೆ ಆಸರೆಯಾಗಿತ್ತು. ಗುಲಾಮರ ಒಡೆಯರನ್ನು ಪಂಗಡ ಹೊರಗಿಡದ್ದರಿಂದ 1840ರ ದಶಕದ ಕೊನೆಗೆ ಅವರು ಫ್ರೀ ಪ್ರೆಸ್ಬಿಟೇರಿಯನ್ ಚರ್ಚ್ ಕಟ್ಟುವುದರಲ್ಲಿ ಮುಂದಾದರು. ಆ ವರ್ಷಗಳ ಅವರ ಕೆಲಸವನ್ನು ಆ ಸಣ್ಣ ಪಂಗಡದ ಕಾಗದಗಳಲ್ಲೇ ಹುಡುಕಬೇಕು.

ಮೂಲ ಪುಸ್ತಕ ಸಭೆಯ ಬೀರುವಿನಲ್ಲಿ ಇಲ್ಲದಿದ್ದರೆ ಫಿಲಡೆಲ್ಫಿಯದ ಪ್ರೆಸ್ಬಿಟೇರಿಯನ್ ಹಿಸ್ಟಾರಿಕಲ್ ಸೊಸೈಟಿಗೆ ಬರೆಯಿರಿ. ಪತ್ರದಲ್ಲಿ ಊರು, ಕೌಂಟಿ (ನಮ್ಮ ಜಿಲ್ಲೆಯಂಥದು), ಪ್ರೆಸ್ಬಿಟರಿ ಮೂರೂ ಇರಲಿ. ಬರೀ 'ಫಸ್ಟ್ ಪ್ರೆಸ್ಬಿಟೇರಿಯನ್' ಎಂದರೆ ಊರೂರಿಗೂ ಒಂದಿದೆ.