ಬೆನ್ನುಮೂಳೆಯಲ್ಲಿ ‘ಗಡ್ಡೆ’: ಹೆದರಬೇಕೆ?

ಪ್ರಶ್ನೆ: ನನಗೆ 54 ವರ್ಷ. ಬೆಳಿಗ್ಗೆ ಬಗ್ಗಿ ಮಲ್ಲಿಗೆ ಮೊಗ್ಗು ಕೊಯ್ಯುವುದು, ಆಮೇಲೆ ನೆಲದಲ್ಲಿ ಕುಳಿತು ಕಟ್ಟುವುದು ನನ್ನ ಕೆಲಸ. ಎರಡು ತಿಂಗಳಿಂದ ಸೊಂಟನೋವು. ಎಂಆರ್‌ಐ ವರದಿಯಲ್ಲಿ ‘ಎಲ್‌4-5 ಡಿಸ್ಕ್ ಬಲ್ಜ್, ಡಿ12ರಲ್ಲಿ ಹೆಮಾಂಜಿಯೋಮ’ ಎಂದಿದೆ. ಮಗ ಮೊಬೈಲಿನಲ್ಲಿ ಹುಡುಕಿ ‘ಅಮ್ಮ, ಇದು ಗಡ್ಡೆ’ ಎಂದ. ಅಂದಿನಿಂದ ನಿದ್ದೆಯಿಲ್ಲ. ಕ್ಯಾನ್ಸರೇ?
- ಓದುಗಿ, ಶಂಕರಪುರ, ಉಡುಪಿ

ಉತ್ತರ: ಅಲ್ಲ ತಾಯಿ. ಹೆಮಾಂಜಿಯೋಮ ಎಂದರೆ ಮೂಳೆಯೊಳಗೆ ರಕ್ತನಾಳಗಳು ಗೊಂಚಲುಗಟ್ಟಿರುವುದು. ಸುಮಾರು ಹತ್ತರಲ್ಲಿ ಒಬ್ಬರ ಬೆನ್ನುಮೂಳೆಯಲ್ಲಿ ಇದಿರುತ್ತದೆ. ಹೆಚ್ಚಿನವರಿಗೆ ಸಾಯುವವರೆಗೂ ಗೊತ್ತೇ ಆಗುವುದಿಲ್ಲ. ನೀವು ಹುಡುಕಲು ಹೋದದ್ದು ನೋವಿನ ಕಾರಣವನ್ನು, ಸಿಕ್ಕಿದ್ದು ದಾರಿಯಲ್ಲಿ ಬಿದ್ದಿದ್ದ ಇನ್ನೇನೋ.

ಡಿಸ್ಕ್, ಅಂದರೆ ಬೆನ್ನುಮೂಳೆಯ ಬಿಲ್ಲೆಗಳ ನಡುವಿನ ಮೆತ್ತೆ, ಉಬ್ಬಿರುವ (ಬಲ್ಜ್) ಮಾತೂ ಅಷ್ಟೇ. ಎಲ್‌4-5, ಡಿ12 ಎಂಬುವು ಬೆನ್ನುಮೂಳೆಯಲ್ಲಿ ಅವು ಇರುವ ಜಾಗದ ಗುರುತುಗಳಷ್ಟೇ. ಅಮೆರಿಕದಲ್ಲಿ 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ಮಾಡಿದರು. ಅವರಲ್ಲಿ ಶೇ. 52ರಷ್ಟು ಮಂದಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು! ತಲೆಗೂದಲು ನರೆತಂತೆ ಡಿಸ್ಕ್ ಕೂಡ ಸವೆಯುತ್ತದೆ. ಆದರೆ ನರೆಗೂದಲಿಗೆ ಯಾರೂ ವರದಿ ಬರೆದುಕೊಡುವುದಿಲ್ಲ.

ಕಾಲಿನ ಬಲ ಕುಗ್ಗಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಓಡಿ. ಜ್ವರ ಬರುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಅದನ್ನೂ ಹೇಳಬೇಕು. ಹೇಗೂ ಆ ಹಾಳೆಯನ್ನು ಸ್ಕ್ಯಾನ್ ಬರೆದುಕೊಟ್ಟ ವೈದ್ಯರಿಗೇ ತೋರಿಸಿ. ಮಗನ ಮೊಬೈಲು ನಿಮ್ಮ ಸೊಂಟವನ್ನು ಮುಟ್ಟಿ ನೋಡಿಲ್ಲ.

ನನ್ನ ಅನುಮಾನವೆಲ್ಲ ನೀವು ಕುಳಿತುಕೊಳ್ಳುವ ರೀತಿಯ ಮೇಲೆ. ಒಂದು ಚೆಂಡು (ನಿಮ್ಮೂರಿನ ಮಲ್ಲಿಗೆಯ ಅಳತೆ), ಅಂದರೆ ಎಂಟುನೂರು ಹೂ ಕಟ್ಟುವವರೆಗೆ ಒಂದೇ ಭಂಗಿಯಲ್ಲಿ ಕೂರಬೇಡಿ. ಕುರ್ಚಿಯಲ್ಲಿ ಕುಳಿತು ಕಟ್ಟಿ, ನಡುವೆ ಎದ್ದು ಅಂಗಳಕ್ಕೆ ಒಂದು ಸುತ್ತು ಹಾಕಿ.